ಬಾನೆಟ್ಟಿನ ಮೇಲಿನ ಬೊಟ್ಟು

"ಬನ್ನಿ ಭಾವ, ಬನ್ನಿ! ಇನ್ನು ಮೇಲೆ ಈ ಅರಸೀಕೆರೆಯಲ್ಲಿ ಒಬ್ಬ ಪೇಂಟರಿಗೂ ಕೆಲಸ ಇರಲ್ಲ!"

ಹೀಗೆ ಕೂಗಿಕೊಂಡು ಓಂಕಾರಪ್ಪ ಹಳೇ ಜಮಖಾನವನ್ನು ಸರ್ರನೆ ಎಳೆದ. ಕೆಳಗೆ ಅವನ ಹೊಸ ಯಂತ್ರ ನಿಂತಿತ್ತು. ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅವನು ಕಂಡುಹಿಡಿದವುಗಳಲ್ಲಿ ಇದು ಹದಿನಾಲ್ಕನೆಯದು. ಟೇಬಲ್ ಫ್ಯಾನಿನ ಮುಖ, ಮಿಕ್ಸಿ ಜಾರಿನ ಹೊಟ್ಟೆ, ಹಲ್ಲಿನ ಡಾಕ್ಟರು ಎಸೆದ ಕುರ್ಚಿಯಿಂದ ಬಿಚ್ಚಿ ತಂದ ಉದ್ದನೆಯ ಕೈ, ಮಕ್ಕಳ ತಳ್ಳುಗಾಡಿಯ ನಾಲ್ಕು ಚಕ್ರ, ಬೆನ್ನಿಗೆ ಗುಜರಿಯಲ್ಲಿ ಸಿಕ್ಕಿದ ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕ!

"ಹೆಸರು ವರ್ಣಸಂಜೀವಿನಿ!" ಎಂದ ಓಂಕಾರಪ್ಪ.

ಪಾಲಾಕ್ಷಪ್ಪನವರು ಜಗಲಿಯಿಂದ ಏಳಲಿಲ್ಲ. ಅವರು ಓಂಕಾರಪ್ಪನ ಅಕ್ಕ ಹಾಲಮ್ಮನ ಗಂಡ, ಪಕ್ಕದ ಮನೆಯವರು, ಮೂವತ್ತು ವರ್ಷ ಬಸ್ಸು ಓಡಿಸಿದವರು. ಹಿಂದಿನ ಹದಿಮೂರು ಯಂತ್ರಗಳನ್ನೂ ಕಂಡಿದ್ದರು. ಚಪಾತಿ ಯಂತ್ರ ಚಪಾತಿಗಳನ್ನೆಲ್ಲ ಎದುರುಮನೆ ರುದ್ರಮ್ಮನ ಸೂರಿನ ಹೆಂಚಿನ ಮೇಲೆ ಸಾಲಾಗಿ ಎಸೆದದ್ದು, ಕಾಗೆಗಳು ಮೂರು ದಿನ ಅಲ್ಲೇ ಸಂಸಾರ ಹೂಡಿದ್ದು, ಯಾವುದನ್ನೂ ಅವರು ಮರೆತಿರಲಿಲ್ಲ.

"ಇದು ಏನು ಮಾಡ್ತದೆ?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಗಾಡಿ ಸರಿ ಮಾಡ್ತದೆ!"

ಗಾಡಿ ಎಂದರೆ ಬೇವಿನ ಮರದ ಕೆಳಗೆ ನಿಂತಿದ್ದ ಅವರ ಕೆನೆಬಣ್ಣದ ಫಿಯೆಟ್. ಇನ್ನು ಹತ್ತು ದಿನಕ್ಕೆ ಮೊಮ್ಮಗಳ ಮದುವೆ. ಮದುವಣಗಿತ್ತಿ ಅದರಲ್ಲೇ ಛತ್ರಕ್ಕೆ ಹೋಗಬೇಕೆಂದು ಮನೆಯವರೆಲ್ಲರ ಆಸೆ. ಆದರೆ ಹೈವೇಯಲ್ಲಿ ಲಾರಿಗಳು ಸಿಡಿಸಿದ ಜಲ್ಲಿಕಲ್ಲು ಬಡಿದು ಬಾನೆಟ್ಟಿನ ಮೇಲೆ ಒಂಬತ್ತು ಕಡೆ ಬಣ್ಣ ಎದ್ದುಹೋಗಿತ್ತು. ಕೆಲವು ಅಕ್ಕಿಕಾಳಿನಷ್ಟು, ಕೆಲವು ಕಡಲೆಬೇಳೆಯಷ್ಟು. ಆ ಗಾಡಿಗೆ ಎರಡು ಸಲ ಬಣ್ಣ ಹೊಡೆದಿದ್ದ ದಸ್ತಗೀರ್ ಸಾಬ್ರು ಹಿಂದಿನ ವಾರವೇ ಬಂದು, ಒಂದೊಂದು ಗಾಯವನ್ನೂ ಬೆರಳಲ್ಲಿ ಮುಟ್ಟಿ ನೋಡಿ, ನಾಲ್ಕು ದಿನ ಬೇಕು ಎಂದಿದ್ದರು.

"ಬಣ್ಣ ಡಬ್ಬದಲ್ಲಿ ಸಿಗುತ್ತೆ ಪಾಲಾಕ್ಷಣ್ಣ, ಬಿಸಿಲು ಸಿಗಲ್ಲ. ಇದು ವರ್ಷಗಟ್ಟಲೆ ಬಿಸಿಲು ತಿಂದಿರೋ ಕೆನೆಬಣ್ಣ. ಅದಕ್ಕೆ ಒಪ್ಪೋ ಹಂಗೆ ಕಲಸಿ, ಒಣಗಿಸಿ, ಮತ್ತೆ ಕಲಸಬೇಕು."

ಓಂಕಾರಪ್ಪನಿಗೆ ಆ ಮಾತು ನೆನೆದೇ ನಗು. "ಕಡಲೆಬೇಳೆಯಷ್ಟು ಗಾಯಕ್ಕೆ ನಾಲ್ಕು ದಿನವಂತೆ! ನನ್ನ ಯಂತ್ರಕ್ಕೆ ಅರ್ಧ ಗಂಟೆ ಸಾಕು. ಬಣ್ಣವೂ ಬೇಡ! ಗಾಳಿಯಲ್ಲಿರೋ ಧೂಳು ಎಳ್ಕೊಂಡು, ಅದನ್ನ ಕಣಕಣವಾಗಿ ಬಿಡಿಸಿ, ಬೇಕಾದ ಬಣ್ಣವಾಗಿ ಹೆಣೀತದೆ. ನಮ್ಮೂರಲ್ಲಿ ಧೂಳಿಗೆ ಬರವೇ ಭಾವ?"

ಪಾಲಾಕ್ಷಪ್ಪನವರು ಎದ್ದು ಬಂದು ಗಾಡಿಯ ಮುಂದೆ ನಿಂತರು. ಅವರ ಕಣ್ಣು ಆ ಒಂಬತ್ತು ಗಾಯಗಳ ಮೇಲಿರಲಿಲ್ಲ. ಬಾನೆಟ್ಟಿನ ನಟ್ಟನಡುವೆ ಹತ್ತನೆಯದೊಂದಿತ್ತು. ಅದು ಗಾಯವಲ್ಲ, ಹಣೆಗಿಟ್ಟಂತಿದ್ದ ಕೆಂಪು ಬೊಟ್ಟು.

ಇಪ್ಪತ್ತಾರು ವರ್ಷದ ಹಿಂದೆ ಮಗಳು ವಿಶಾಲಾಕ್ಷಿಯ ಮದುವೆಯ ಬೆಳಿಗ್ಗೆ ಅಲ್ಲಿ ಒಂದು ಕಲ್ಲೇಟು ಬಿದ್ದಿತ್ತು. ಬರಿಯ ತಗಡು ಕಾಣುವುದು ಚೆನ್ನಾಗಿರದೆಂದು ಹಾಲಮ್ಮ ಮಗಳ ಉಗುರುಬಣ್ಣದ ಸೀಸೆ ತಂದು ದಪ್ಪಗೆ ಒಂದು ಬೊಟ್ಟು ಇಟ್ಟಳು. "ಗಾಯವೂ ಮುಚ್ಚಿತು, ಗಾಡಿಗೆ ದೃಷ್ಟಿಯೂ ತಾಗಲ್ಲ," ಎಂದು ನಕ್ಕಳು. ಪಾಲಾಕ್ಷಪ್ಪನವರು ಬೀಗರ ಎದುರಿಗೇ ರೇಗಿದ್ದರು. "ಉಗುರಿಗೆ ಹಚ್ಚೋದನ್ನ ಗಾಡಿಗೆ ಹಚ್ಚಿದ್ದೀಯಲ್ಲೇ, ಬುದ್ಧಿ ಇದೆಯಾ ನಿಂಗೆ?" ಛತ್ರ ಮುಟ್ಟುವವರೆಗೆ ಹಾಲಮ್ಮ ಕಿಟಕಿಯಾಚೆಯೇ ನೋಡುತ್ತಿದ್ದಳು.

ಆಮೇಲೆ ದಸ್ತಗೀರ್ ಸಾಬ್ರು ಎರಡು ಸಲ ಬಣ್ಣ ಹೊಡೆದಾಗಲೂ, "ಆ ಬೊಟ್ಟಿನ ಸುತ್ತ ಬಿಟ್ಟು ಹೊಡೀರಿ," ಎಂದು ಪಾಲಾಕ್ಷಪ್ಪನವರೇ ಹೇಳಿದ್ದರು. ಸಾಬ್ರಿಗೆ ಹೇಳಿದ್ದರು, ಹೆಂಡತಿಗೆ ಹೇಳಲಿಲ್ಲ. ಹೇಳಿದರಾಯಿತು, ಹೇಳಿದರಾಯಿತು ಎನ್ನುತ್ತಲೇ ಇದ್ದರು. ಹಾಲಮ್ಮ ಹೋಗಿ ಮೂರು ವರ್ಷವಾಯಿತು.

"ಬೇಡ ಕಣೋ ಓಂಕಾರಿ. ಸಾಬ್ರೇ ಮಾಡ್ಲಿ."

ಓಂಕಾರಪ್ಪನ ಮುಖ ಬಾಡಿತು. ಮುಖ ಬಾಡಿದರೆ ಅವನು ಥೇಟ್ ಅಕ್ಕನ ಹಾಗೆಯೇ ಕಾಣುತ್ತಿದ್ದ. ಅದೇ ಮೂಗು, ಕಿಟಕಿಯಾಚೆ ನೋಡುವ ಅದೇ ಕಣ್ಣು. ಪಾಲಾಕ್ಷಪ್ಪನವರು ಸೋತದ್ದು ಅಲ್ಲೇ.

"ಆಯ್ತು ಮಾಡು. ಆದ್ರೆ ನಿಮ್ಮಕ್ಕನ ಬೊಟ್ಟು ಮಾತ್ರ ಮುಟ್ಟಬಾರದು."

"ಅಯ್ಯೋ, ನೀವೇ ಅದಕ್ಕೆ ಹೇಳಿ ಭಾವ! ಇದಕ್ಕೆ ಕಣ್ಣಿದೆ, ಕಿವಿಯಿದೆ. ಬುದ್ಧಿಯೊಂದನ್ನ ನಾವು ಹೇಳಿಕೊಡ್ಬೇಕು, ಅಷ್ಟೆ!"

ಪಾಲಾಕ್ಷಪ್ಪನವರು ಬಗ್ಗಿ, ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟು, ಹೊಸ ಕಂಡಕ್ಟರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ನೋಡಪ್ಪಾ, ಇದು ಸರಿಯಾಗಿದೆ. ಇದನ್ನ ಮುಟ್ಬೇಡ. ಮಿಕ್ಕಿದ್ದನ್ನೆಲ್ಲ ಸರಿ ಮಾಡು."

ಆ ಬೊಟ್ಟು ಸರಿಯಾಗಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಬೇಕಾದವಳು ಕೇಳಲಿಲ್ಲ, ಮಿಕ್ಸಿ ಜಾರು ಕೇಳಿಸಿಕೊಂಡಿತು.

ಯಂತ್ರದ ಫ್ಯಾನು ಗರಗರ ತಿರುಗಿತು. ಉದ್ದನೆಯ ಕೈ ಬೊಟ್ಟನ್ನು ಮೂಸಿತು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಬೆನ್ನಿನ ಧ್ವನಿವರ್ಧಕ ಸ್ಟೇಷನ್ನಿನ ರಾಗದಲ್ಲಿ ಹೇಳಿತು:

"ದಯವಿಟ್ಟು ಗಮನಿಸಿ. ಈ ವಾಹನದಲ್ಲಿ ಬಣ್ಣ ಒಂದೇ ಕಡೆ ಉಳಿದಿದೆ. ಮಿಕ್ಕೆಲ್ಲ ಕಡೆ ಕಿತ್ತುಹೋಗಿದೆ. ದುರಸ್ತಿ ಆರಂಭವಾಗಲಿದೆ."

"ಏನಂತೆ?" ಎಂದರು ಪಾಲಾಕ್ಷಪ್ಪನವರು.

"ಏನೋ ಲೆಕ್ಕ ಹಾಕ್ತಿದೆ, ತಡೀರಿ…"

ತಡೆಯುವಷ್ಟರಲ್ಲಿ ಬಾನೆಟ್ಟು ಕೆಂಪಾಯಿತು! ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಬಾಗಿಲೂ ಕೆಂಪು! ಗಾಜು ಕೆಂಪು, ಟೈರು ಕೆಂಪು, ನಂಬರ್ ಪ್ಲೇಟೂ ಕೆಂಪು!

"ನಿಲ್ಸೋ! ನಿಲ್ಸೋ ಓಂಕಾರಿ!"

ಓಂಕಾರಪ್ಪ ಗುಂಡಿಯತ್ತ ಹಾರಿದ. ಯಂತ್ರ ತನ್ನ ಮೈಯನ್ನೂ ದುರಸ್ತಿ ಮಾಡಿಕೊಂಡಿತ್ತು. ಹಸಿರು ಗುಂಡಿ ಶುರುವಿಗೆ, ಕರಿ ಗುಂಡಿ ನಿಲ್ಲಿಸಲಿಕ್ಕೆ. ಈಗ ಆರಕ್ಕೆ ಆರೂ ಗುಂಡಿ ಉಗುರುಬಣ್ಣದ ಕೆಂಪು! ಒಂದನ್ನು ಒತ್ತಿದ, ವೇಗ ಹೆಚ್ಚಿತು. ಇನ್ನೊಂದನ್ನು ಒತ್ತಿದ, ದನಿ ಹೆಚ್ಚಿತು.

"ಕರೆಂಟ್ ಕಿತ್ತಾಕೋ!"

"ಕರೆಂಟೇ ಇಲ್ಲ ಭಾವ! ಧೂಳಲ್ಲೇ ಓಡ್ತದೆ! ಅದೇ ಅಲ್ವಾ ಇದರ ಹೆಚ್ಚುಗಾರಿಕೆ!"

ಉದ್ದನೆಯ ಕೈ ಓಂಕಾರಪ್ಪನ ತಲೆಯ ಮೇಲೆ ನಿಂತು, ಅಲ್ಲಿನ ನುಣುಪನ್ನು ನೋಡಿ ಮರುಗಿತು. "ದಯವಿಟ್ಟು ಗಮನಿಸಿ. ಇಲ್ಲಿ ಪೂರ್ತಿ ಕಿತ್ತುಹೋಗಿದೆ."

"ಏಯ್! ಅದು ಹುಟ್ಟಾ ಹಂಗೇ ಕಣೋ! ನಮ್ಮಪ್ಪನದೂ ಹಂಗೇ…"

ಮಾತು ಮುಗಿಯುವ ಮೊದಲೇ ಬೋಳುತಲೆ ಮಾಗಿದ ಟೊಮೇಟೊ ಆಯಿತು. ಯಂತ್ರ ಬೀದಿಗೆ ಇಳಿಯಿತು. ರುದ್ರಮ್ಮ ಒಣಗಲು ಹಾಕಿದ್ದ ಗಂಡನ ಬಿಳಿ ಪಂಚೆಗಳು ಒಂದಾದ ಮೇಲೊಂದು ಕೆಂಪಾದವು. ಕಟ್ಟಿಹಾಕಿದ್ದ ಎಮ್ಮೆ ಒಮ್ಮೆ ಮೆಲುಕು ನಿಲ್ಲಿಸಿ, ಕೆಂಪಾಗಿ, ಮತ್ತೆ ಮೆಲುಕು ಹಾಕಿತು.

"ಓಂಕಾರಪ್ಪಾ!" ಎಂದು ರುದ್ರಮ್ಮ ಸೌಟು ಹಿಡಿದು ಹೊರಬಂದರು. "ನಿನ್ನ ಚಪಾತಿಗೇ ನನ್ನ ಹೆಂಚು ಹೋಯ್ತು! ಈಗ ಎಮ್ಮೆ! ಇದರ ಹಾಲು ಯಾವ ಬಣ್ಣ ಬರುತ್ತೋ ನೀನೇ ಕುಡಿ!"

"ರುದ್ರಕ್ಕ, ಅದು ಬರೀ ಮೇಲಿನ ಬಣ್ಣ…"

"ಮುಚ್ಚು ಬಾಯಿ! ತಲೆ ನೋಡ್ಕೊ ಮೊದಲು!"

ಅಷ್ಟರಲ್ಲಿ ಮೊಪೆಡ್ಡಿನಲ್ಲಿ ದಸ್ತಗೀರ್ ಸಾಬ್ರು ಬಂದರು, ಕೈಯಲ್ಲೊಂದು ಪುಟ್ಟ ಡಬ್ಬ. ಬೀದಿಯನ್ನು ನೋಡಿದರು, ಫ್ಯಾನು ಧೂಳು ಎಳೆಯುವುದನ್ನು ನೋಡಿದರು.

"ನೆಲಕ್ಕೆ ನೀರು ಹಾಕ್ರಮ್ಮ! ಬೀದಿ ಪೂರ್ತಿ!"

"ಈಗ್ಲಾ?" ಎಂದರು ರುದ್ರಮ್ಮ.

"ಬಣ್ಣ ಹೊಡೆಯೋ ಮುಂಚೆ ಶೆಡ್ಡಿನ ನೆಲ ನೆನೆಸಬೇಕು, ಧೂಳು ಏಳಬಾರದು. ನಮ್ಮಪ್ಪ ಕಲಿಸಿದ ಮೊದಲ ಪಾಠ. ಹಾಕ್ರೀ!"

ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವ ಕೈಗಳು ಮತ್ತೆ ಬಿಂದಿಗೆ, ಬಕೆಟ್ಟು ಎತ್ತಿದವು. ಕೈ ಬಳೆ ಸದ್ದು ಮಾಡುತ್ತ ಬೀದಿಯುದ್ದಕ್ಕೂ ನೀರು ಬಿತ್ತು. ಧೂಳು ಅಡಗಿತು. ಫ್ಯಾನು ಏದುಸಿರು ಬಿಟ್ಟಿತು.

"ದಯವಿಟ್ಟು ಗಮನಿಸಿ. ಧೂಳು ತಡವಾಗಿ ಬರಲಿದೆ. ನಿಮಗಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ," ಎಂದು ಹೇಳಿ ಯಂತ್ರ ತಲೆ ಬಾಗಿಸಿತು.

ಓಂಕಾರಪ್ಪ ಕೆಂಪು ತಲೆ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಒಂದು ಮಾತ್ರ ಒಪ್ಕೋಬೇಕು ಭಾವ. ಅಕ್ಕನ ಬೊಟ್ಟು ಅದು ಮುಟ್ಟಿಲ್ಲ. ಕೊಟ್ಟ ಮಾತಿಗೆ ತಪ್ಪಿಲ್ಲ!"

ಅದು ನಿಜವೇ. ಪಾಲಾಕ್ಷಪ್ಪನವರು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಹಾಲಮ್ಮನ ಬೊಟ್ಟು ಸ್ವಲ್ಪ ಉಬ್ಬಿತ್ತು, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತಿತ್ತು. ಯಂತ್ರ ಸುತ್ತಲಿನ ಬಣ್ಣವನ್ನು ಅದರ ಮಟ್ಟಕ್ಕೇ ತಂದು ನಿಲ್ಲಿಸಿತ್ತು. ಎಡಕ್ಕೆ ಸವರಿದರು, ಬಲಕ್ಕೆ ಸವರಿದರು. ಬೊಟ್ಟು ಅಲ್ಲೇ ಎಲ್ಲೋ ಇತ್ತು. ಎಲ್ಲಿ ಎಂದು ಹೇಳುವವರು ಇರಲಿಲ್ಲ.

"ಸಾಬ್ರೇ, ಈ ಕೆಂಪು ಉಜ್ಜಿ ತೆಗೀಬಹುದಾ?"

ಸಾಬ್ರು ಬಹಳ ಹೊತ್ತು ನೋಡಿದರು. "ತೆಗೀಬಹುದು ಪಾಲಾಕ್ಷಣ್ಣ. ಆದ್ರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ನನಗೂ ಗೊತ್ತಾಗಲ್ಲ. ಹಾಲಮ್ಮಕ್ಕನದೂ ಅದರ ಜೊತೆ ಹೋಗಿಬಿಟ್ರೆ?"

"ಹಂಗಾದ್ರೆ ಬೇಡ. ಇರ್ಲಿ ಬಿಡಿ."

ಸಾಬ್ರು ಗಾಜು, ದೀಪ, ನಂಬರ್ ಪ್ಲೇಟನ್ನಷ್ಟೇ ಕೆರೆದು ಕೊಟ್ಟರು. ಒಂಬತ್ತು ಗಾಯಗಳಿಗೆಂದು ಕಲಸಿ ತಂದಿದ್ದ ಕೆನೆಬಣ್ಣದ ಡಬ್ಬವನ್ನು ಜಗಲಿಯ ಮೇಲಿಟ್ಟು ಹೋದರು. ಬಣ್ಣ ಎಷ್ಟು ಸರಿಯಾಗಿ ಕೂಡಿತ್ತೆಂದರೆ, ಡಬ್ಬದ ಮುಚ್ಚಳ ತೆಗೆದು ನೋಡಿದ ಪಾಲಾಕ್ಷಪ್ಪನವರಿಗೆ ಹಳೆಯ ಗಾಡಿಯೇ ಒಳಗೆ ಕೂತ ಹಾಗೆ ಕಂಡಿತು. ನಾಲ್ಕು ದಿನ ಕಾಯಬೇಕಾಗಿತ್ತು, ಅಷ್ಟೆ.

ಮದುವೆಯ ಬೆಳಿಗ್ಗೆ ಕೆಂಪು ಗಾಡಿಗೆ ಸೇವಂತಿಗೆ ಹಾರ ಬಿತ್ತು. ಬಂದವರೆಲ್ಲ ಹೊಗಳಿದರು. ವಿಶಾಲಾಕ್ಷಿ ಡಬ್ಬ ಹುಡುಕಿ ತಂದು, ಬೆಂಕಿಕಡ್ಡಿ ಅದ್ದಿ, ಬಾನೆಟ್ಟಿನ ನಡುವೆ ಕೆನೆಬಣ್ಣದ ಒಂದು ಬೊಟ್ಟು ಇಟ್ಟಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಬೈತೀಯಾ ಅಪ್ಪಾ?"

ಪಾಲಾಕ್ಷಪ್ಪನವರು ಬಗ್ಗಿ ಬೊಟ್ಟನ್ನು ನೋಡಿದರು. "ಚೆನ್ನಾಗಿದೆ ಕಣವ್ವ," ಎಂದರು. ಆಮೇಲೆ, ಇನ್ನೂ ದೂರದಲ್ಲಿರುವ ಯಾರಿಗೋ ಕೇಳಿಸಬೇಕೆಂಬಂತೆ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. "ಬಹಳ ಚೆನ್ನಾಗಿದೆ."

ನೆಂಟರ ವ್ಯಾನುಗಳು ಬಂದು ಬೀದಿಯಲ್ಲಿ ಧೂಳೆದ್ದಿತ್ತು. ಓಂಕಾರಪ್ಪನ ಅಂಗಳದಲ್ಲಿ ಒಣಗಲು ಬಿಟ್ಟಿದ್ದ ಯಂತ್ರದ ಫ್ಯಾನು ಮೆಲ್ಲಗೆ ತಿರುಗಿತು. ಉದ್ದನೆಯ ಕೈ ಕಾಂಪೌಂಡಿನ ಮೇಲಿಂದ ಇಣುಕಿತು.

"ದಯವಿಟ್ಟು ಗಮನಿಸಿ. ಈ ವಾಹನದಲ್ಲಿ ಒಂದು ಕಡೆ ಕಿತ್ತುಹೋಗಿದೆ."

"ಗೊತ್ತಪ್ಪಾ," ಎಂದು ಪಾಲಾಕ್ಷಪ್ಪನವರು ಅದರ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದರು.