ಬಾನೆಟ್ಟಿನೊಳಗಿನ ಹೂಬಳ್ಳಿ ತಗಡು

ಐವತ್ತು ದಾಟಿದ ಮೇಲೆ ಕೆಲವು ಗಂಡಸರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ವೈರಾಗ್ಯ. ದಟ್ಟಗಳ್ಳಿಯ ವಿಜಯ್‌ಕುಮಾರರಿಗೆ ಕಾರಿನ ಹುಚ್ಚು ಬಂತು. ಅದೂ ಹೊಸ ಕಾರಿನದಲ್ಲ, ಹದಿನೈದು ವರ್ಷದಿಂದ ಮನೆ ಮುಂದೆ ನಿಂತಿರುವ ಹಳೇ ಕಾರಿನದು. (ನಿಂತಿರುವ ಅಂದೆ, ಓಡುತ್ತಿರುವ ಅನ್ನಲಿಲ್ಲ.)

"ಹದಿನೈದು ವರ್ಷದ ಆರ್‌ಟಿಒ ಪರೀಕ್ಷೇಲಿ ಪಾಸಾಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬುಡಿ, ಅಷ್ಟೇ!" ಎಂದು ಹೆಂಡತಿ ಚಾಮುಂಡೇಶ್ವರಿ ತೀರ್ಪು ಕೊಟ್ಟರು.

ವಿಜಯ್‌ಕುಮಾರರು ಕಾರಿನ ಕಡೆ ನೋಡಿದರು. ತೊಳೆಯಲು ಕಾರಿಲ್ಲದ ಭಾನುವಾರವೂ ಒಂದು ಭಾನುವಾರವೇ? ಇನ್‌ಸ್ಪೆಕ್ಟರು ಬಾನೆಟ್ ಎತ್ತಿದೊಡನೆ ಮರುಳಾಗಿಬಿಡಬೇಕೆಂದು ಮಂಡಿ ಮೊಹಲ್ಲಾದ ತಗಡಿನ ಅಂಗಡಿಗೆ ಹೋಗಿ, ಹೂಬಳ್ಳಿ ಉಬ್ಬಿಸಿದ ಫಳಫಳ ಹೊಳೆಯುವ ಸ್ಟೀಲ್ ತಗಡು ಮಾಡಿಸಿದರು. ಇಂಜಿನ್ನಿಗೂ ಸೀಟಿಗೂ ನಡುವೆ ಮಸಿ ಹಿಡಿದ ಗೋಡೆಯೊಂದು ಇರುತ್ತದಲ್ಲ, ಅದಕ್ಕೆ ಹೊದಿಸಲು.

"ಅದರೊಳಗೆ ಯಾರ್ರೀ ಬಗ್ಗಿ ನೋಡ್ತಾರೆ?"

"ಕಣ್ಣಿರೋರು ನೋಡ್ತಾರೆ ಕಣೇ."

"ಜಿಡ್ಡು ಹಿಡಿದ್ರೆ?"

"ದಿನಾ ನಾನೇ ಒರೆಸ್ತೀನಿ, ಆ ತಾಯಿ ಚಾಮುಂಡಿ ಆಣೆ! ನಿಂಗೇನು ಕಷ್ಟ?"

(ಮನೆಯಲ್ಲಿ ಒಂದು ಲೋಟ ತೊಳೆಯದ ಮಹಾನುಭಾವರ ಭೀಷ್ಮ ಪ್ರತಿಜ್ಞೆ ಇದು.)

ಸ್ಕ್ರೂ ಹಾಕಿದರೆ ಯಾರಾದರೂ ಬಿಚ್ಚಿಕೊಂಡು ಹೋದಾರೆಂದು ಸುತ್ತಲೂ ರಿವೆಟ್ಟೇ ಹೊಡೆಸಿದರು. ಆರ್‌ಟಿಒ ಆವರಣದಲ್ಲಿ ಬಾನೆಟ್ ಎತ್ತಿದಾಗ ಇನ್‌ಸ್ಪೆಕ್ಟರು ನಿಜಕ್ಕೂ ಮರುಳಾದರು. ತಗಡಿನಲ್ಲಿ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡರು. ವಿಜಯ್‌ಕುಮಾರರು ಜೊತೆಗೆ ಬಂದಿದ್ದ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದರು.

"ಚೆನ್ನಾಗಿದೆ ಕಣ್ರೀ. ಚಾಸಿ ನಂಬರ್ ಎಲ್ಲಿ ಹೊಡೆದಿದ್ದಾರೆ, ತೋರಿಸಿ."

"ಅದೂ... ಆ ಗೋಡೆ ಮೇಲಿದೆ ಸಾರ್."

"ಯಾವ ಗೋಡೆ?"

"ಈ ತಗಡಿನ ಹಿಂದೆ ಇರೋದು ಸಾರ್."

"ನಂಬರ್ ನೋಡ್ದೆ ಪಾಸ್ ಮಾಡಕ್ಕೆ ಆಗಲ್ಲ. ಬಿಚ್ಚಿಸ್ಕೊಂಡು ಬನ್ನಿ."

ವಿಜಯ್‌ಕುಮಾರರಿಗೆ ಕಣ್ಣೆದುರು ಗುಜರಿ ಅಂಗಡಿಯೇ ಕಾಣಿಸಿತು. ಚಾಮುಂಡೇಶ್ವರಿ ಮಾತ್ರ ಹೊರಗೆ ಹೋಗಿ, ಎದುರು ಗ್ಯಾರೇಜಿನ ವಾಗೀಶನನ್ನು ಡ್ರಿಲ್ ಸಮೇತ ಕರೆತಂದರು. ಗರ್ರ್ ಗರ್ರ್ ಅನ್ನುವ ಒಂದೊಂದು ರಿವೆಟ್ಟಿಗೂ ವಿಜಯ್‌ಕುಮಾರರು ತಮ್ಮ ಹಲ್ಲೇ ಕಿತ್ತಂತೆ ಮುಖ ಹಿಂಡಿದರು. ಮಸಿ ಒರೆಸಿದಾಗ ನಂಬರ್ ಕಾಣಿಸಿತು, ಕಾರು ಪಾಸಾಯಿತು.

"ಮತ್ತೆ ಹೊಡೆಸಿಬಿಡಲಾ?" ಎಂದು ದಾರಿಯಲ್ಲಿ ಮೆಲ್ಲಗೆ ಕೇಳಿದರು.

"ಹೊಡೆಸಿ ನೋಡಣ!"

ಮನೆಗೆ ಬಂದವರೇ ಚಾಮುಂಡೇಶ್ವರಿ ತಗಡನ್ನು ತೊಳೆದು ಅಡುಗೆಮನೆಗೆ ಒಯ್ದು ಗ್ಯಾಸ್ ಒಲೆಯ ಹಿಂದಿನ ಗೋಡೆಗೆ ಒರಗಿಸಿದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ರಾತ್ರಿ ಸಾರಿನ ಒಗ್ಗರಣೆ ಚಟಪಟ ಸಿಡಿದು ಹೂಬಳ್ಳಿಗೆಲ್ಲ ಎಣ್ಣೆ, ಸಾಸಿವೆ ಮೆತ್ತಿಕೊಂಡವು.

"ರೀ, ಬನ್ನಿ ಇಲ್ಲಿ."

ಬಂದರು. ಚಾಮುಂಡೇಶ್ವರಿ ಅವರ ಕೈಗೆ ಒರೆಸುವ ಬಟ್ಟೆ ಕೊಟ್ಟರು.

"ದಿನಾ ಒರೆಸ್ತೀನಿ ಅಂದಿದ್ರಲ್ಲ? ತಾಯಿ ಆಣೆ ಕಣ್ರೀ, ತಪ್ಪಬಾರದು."