ಹತ್ತು ಗಂಟೆಗೆ ಸರಿಯಾಗಿ ಕಡಲತೀರದಲ್ಲಿ ಸೇರುವುದು

"ಒಂದೇ ಒಂದು ವಾರ ಕೊಡು! ನಿನ್ನ ದಂಡೆಯನ್ನ ಪ್ರವಾಸಿಗರ ಕಪಿಮುಷ್ಟಿಯಿಂದ ಬಿಡಿಸಿ ನಿನ್ನ ಮಡಿಲಿಗೆ ಹಾಕದೇ ಹೋದ್ರೆ, ನನ್ನ ಮೆಗಾಫೋನನ್ನ ಅಟ್ಟಕ್ಕೆ ಹಾಕಿ ಏಣಿ ಮುರಿದುಬಿಡ್ತೀನಿ!"

ಕರಪತ್ರದಣ್ಣ ಹೀಗೆಂದು ಘೋಷಿಸಿದ್ದು ಅಡುಗೆಮನೆಯಲ್ಲಿ, ಬಲಗೈ ಮುಷ್ಟಿಯನ್ನು ಮೇಲಕ್ಕೆತ್ತಿ. ಆ ಮುಷ್ಟಿ ಮೊಳೆಗೆ ನೇತುಹಾಕಿದ್ದ ಸೌಟಿಗೆ ಬಡಿದು, ಸೌಟು ಹಾರಿ ಹಾಲಿನ ಪಾತ್ರೆಗೆ ಬಿತ್ತು.

"ಕೈ ಕೆಳಗಿಳಿಸಿ ಹೇಳ್ರೀ, ಕೇಳಿಸುತ್ತೆ," ಎಂದಳು ಹೆಂಡತಿ ಮುಖದ ಮೇಲಿನ ಹಾಲು ಒರೆಸಿಕೊಳ್ಳುತ್ತ.

ಮೂವತ್ತು ವರ್ಷ ಬಂದರು ಕಾರ್ಮಿಕರ ಸಂಘದ ಕರಪತ್ರಗಳನ್ನೆಲ್ಲ ಬರೆದವನು ಅವನೇ. ಹೆಸರು ಬಂದಿದ್ದೂ ಅದರಿಂದಲೇ. ಬರೆದ, ಹಂಚಿದ, ಕೂಗಿದ, ಒಳಗೆ ಹೋದ, ಹೊರಗೆ ಬಂದ, ಮತ್ತೆ ಬರೆದ. ಹೆಂಡತಿ ಅಷ್ಟೂ ವರ್ಷ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ನರ್ಸಕ್ಕ. ಇಬ್ಬರೂ ನಿವೃತ್ತರಾದ ಮೇಲೆ, ಅವಳ ತಂಗಿ ಆರು ಕೋಣೆಯ ಲಾಡ್ಜು ಇಟ್ಟುಕೊಂಡಿರುವ ಈ ದ್ವೀಪಕ್ಕೆ ಬಂದು ಹೆಂಚಿನ ಮನೆಯೊಂದರಲ್ಲಿ ನೆಲೆಸಿದ್ದರು. ಮೆಗಾಫೋನು ಮಂಚದ ಕೆಳಗೆ ನೆಲೆಸಿತ್ತು.

ನರ್ಸಕ್ಕನ ಬೇಡಿಕೆ ಇದ್ದದ್ದು ಒಂದೇ. ದೀಪಸ್ತಂಭದ ಕೆಳಗಿನ ದಂಡೆಯಲ್ಲಿ, ದಿನಕ್ಕೆ ಒಂದು ಗಂಟೆ, ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂರಬೇಕು. ಸುತ್ತ ಒಂದು ನರಪಿಳ್ಳೆಯೂ ಇರಬಾರದು.

"ಮೂವತ್ತು ವರ್ಷ ವಾರ್ಡಿನಲ್ಲಿ ನರಳಾಟ ಕೇಳಿದೀನಿ. ಮನೆಗೆ ಬಂದ್ರೆ ನಿಮ್ಮ ಭಾಷಣ ಕೇಳಿದೀನಿ. ಇನ್ನು ಸಾಯೋವರೆಗೆ ಒಂದು ಗಂಟೆ ಅಲೆ ಕೇಳ್ತೀನಿ, ಅಷ್ಟೇ."

ಅಷ್ಟೂ ಸಿಗಲಿಲ್ಲ ಅವಳಿಗೆ. ದೋಣಿಕಟ್ಟೆಯಲ್ಲಿ ಇಳಿಯುವ ಪ್ರವಾಸಿಗರಿಗೆ ಕಾಣುವುದು ಒಂದೇ ಫಲಕ: 'ದೀಪಸ್ತಂಭದ ದಂಡೆಗೆ ದಾರಿ'. ಕುರಿಮಂದೆಯ ಹಾಗೆ ಎಲ್ಲರೂ ಅತ್ತಲೇ. ನರ್ಸಕ್ಕ ಕಣ್ಣು ಮುಚ್ಚಿ ಕೂತರೆ ಮಡಿಲಿಗೆ ಚೆಂಡು ಬಂದು ಬೀಳುತ್ತಿತ್ತು. ಕಣ್ಣು ತೆರೆದರೆ ಮೂಗಿನ ಮುಂದೆ ಮೊಬೈಲು. "ಆಂಟೀ, ನಮ್ಮದೊಂದು ಫೋಟೋ ತೆಗೀರಿ. ಅಡ್ಡ ಅಲ್ಲ ಆಂಟೀ, ಉದ್ದ!" ಆವತ್ತು ಒಂದು ಗಂಟೆಯಲ್ಲಿ ಹದಿನೇಳು ಫೋಟೋ ತೆಗೆದು, ತನ್ನ ಕಾಲನ್ನು ಒಂದು ಸಲವೂ ಒದ್ದೆ ಮಾಡಿಕೊಳ್ಳದೆ ಮನೆಗೆ ಬಂದಿದ್ದಳು. ಸೌಟು ಹಾರಿದ್ದು ಆ ದಿನವೇ.

ಅದೇ ಹೊತ್ತಿಗೆ ನಾದಿನಿಯೂ ಬಾಗಿಲಲ್ಲಿ ನಿಂತಿದ್ದಳು. "ಭಾವ, ನಮ್ಮ ಲಾಡ್ಜಿಗೆ ಬಂದೋರು ಬೆಳಗಾದ್ರೆ 'ಇಲ್ಲಿ ನೋಡೋಕೆ ಏನಿದೆ, ಏನಿದೆ' ಅಂತ ತಲೆ ತಿಂತಾರೆ. ಬೀಚು, ಗುಡಿ, ಕೊಳ ಎಲ್ಲ ಸೇರಿಸಿ ಒಂದು ಕೈಪಿಡಿ ಬರೆದುಕೊಡಿ. ಬರೆಯೋಕೆ ನಿಮ್ಮನ್ನ ಬಿಟ್ರೆ ಯಾರಿದಾರೆ?"

ಹೊಗಳಿಕೆಯ ಮುಂದೆ ಕರಪತ್ರದಣ್ಣ ಯಾವತ್ತೂ ಮುಷ್ಕರ ಹೂಡಿದವನಲ್ಲ. "ನೋಡಿದ್ಯಾ? ಇದೇ ಅಸ್ತ್ರ!" ಎಂದ ಹೆಂಡತಿಗೆ. "ಜನರಿಗೆ ಬೇರೆ ಜಾಗ ಗೊತ್ತಿಲ್ಲ, ಅದಕ್ಕೆ ನಿನ್ನ ತಲೆ ಮೇಲೆ ಬಂದು ಬೀಳ್ತಾರೆ. ನಾನು ಅವರನ್ನ ಇಡೀ ದ್ವೀಪಕ್ಕೆ ಹಂಚ್ತೀನಿ. ನಿನ್ನ ದಂಡೆಯ ಸುದ್ದಿ ಒಂದಕ್ಷರ ಬರೆಯಲ್ಲ."

ಮೂರು ದಿನ ಸೈಕಲ್ಲಿನಲ್ಲಿ ದ್ವೀಪ ಸುತ್ತಿದ. ನಾಲ್ಕನೆಯ ದಿನ ಹೆಂಡತಿಯನ್ನೂ ನಾದಿನಿಯನ್ನೂ ಕೂರಿಸಿ, ಗಂಟಲು ಸರಿಮಾಡಿಕೊಂಡು ಓದಿದ:

"ಉತ್ತರದ ಕಡಲತೀರ. ಉದ್ದ ಎರಡು ಕಿಲೋಮೀಟರ್. ನೆರಳು ಸೊನ್ನೆ. ಈ ಬಗ್ಗೆ ಸಂಬಂಧಪಟ್ಟವರು ಇದುವರೆಗೂ ಕಣ್ಣು ತೆರೆದಿಲ್ಲ! ಗುಡ್ಡದ ಗುಡಿ. ಮುನ್ನೂರು ಮೆಟ್ಟಿಲು. ಕಟ್ಟಿಸಿದವನ ಹೆಸರು ಮೂರು ಕಡೆ ಕೆತ್ತಿದೆ, ಕಲ್ಲು ಹೊತ್ತವರ ಹೆಸರು ಎಲ್ಲಿ? ವಿಹಾರದ ಕೊಳ. ದೋಣಿ ಹನ್ನೆರಡು, ಅದರಲ್ಲಿ ತೇಲುವುದು ಏಳು. ಉಳಿದ ಐದಕ್ಕೆ ಉತ್ತರ ಕೊಡುವವರು ಯಾರು?"

ನಾದಿನಿ ತಲೆ ಮೇಲೆ ಕೈ ಹೊತ್ತಳು. "ಭಾವ, ಇದನ್ನ ಓದಿದೋರು ಬಂದ ದೋಣೀಲೇ ವಾಪಸ್ ಹೋಗ್ತಾರೆ!"

"ಸತ್ಯ ಬರೆದಿದೀನಿ."

"ಸತ್ಯಾನ ನೀವು ಇಟ್ಕೊಳ್ಳಿ. ನನಗೆ ಬೀಚು ಕೊಡಿ."

ಕೊನೆಗೆ ನಾದಿನಿ ಪೆನ್ಸಿಲು ಹಿಡಿದು ಧಿಕ್ಕಾರಗಳನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಜಾಗದ ಹೆಸರು, ಮತ್ತು ಪ್ರತಿ ಹೆಸರಿನ ಮುಂದೆ ವಾರ ಹಾಗೂ ಹೊತ್ತು. 'ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಉತ್ತರದ ಕಡಲತೀರದಲ್ಲಿ ಸೇರುವುದು. ಹನ್ನೆರಡಕ್ಕೆ ಗುಡ್ಡದ ಗುಡಿ. ನಾಲ್ಕಕ್ಕೆ ವಿಹಾರದ ಕೊಳ.' ಶನಿವಾರದವರೆಗೆ ಹೀಗೆಯೇ, ದಿನಕ್ಕೆ ಮೂರು ಹೊಸ ಜಾಗ. ಭಾನುವಾರ ಮಾತ್ರ ಖಾಲಿ. ವಾರದ ರಜೆ ಹೋರಾಡಿ ಪಡೆದ ಹಕ್ಕು, ಅದನ್ನು ಪ್ರವಾಸಿಗರಿಗೂ ತಪ್ಪಿಸುವಂತಿಲ್ಲ!

"ಸಮುದ್ರ ನೋಡೋಕೆ ಹೊತ್ತು ಯಾಕ್ರೀ? ಹನ್ನೊಂದಕ್ಕೆ ಹೋದ್ರೆ ಅದು ಎದ್ದು ಹೋಗಿರುತ್ತಾ?" ಎಂದು ನರ್ಸಕ್ಕ ಕೇಳಿದಳು.

"ದಿನ, ಹೊತ್ತು, ಜಾಗ ಇಲ್ಲದ ಕರಪತ್ರಾನ ನಾನು ಜನ್ಮದಲ್ಲಿ ಬರೆದಿಲ್ಲ!"

"ಇದು ಕರಪತ್ರ ಅಲ್ಲ, ಕೈಪಿಡಿ."

"ಕೈಗೆ ಕೊಡೋದು ತಾನೇ? ಎರಡೂ ಒಂದೇ."

ಎಷ್ಟು ಪ್ರತಿ ಎಂದು ಪ್ರೆಸ್ಸಿನವನು ಕೇಳಿದಾಗ ಬಾಯಿ ತಾನಾಗಿಯೇ "ಸಾವಿರ" ಎಂದಿತು. ಮೂವತ್ತು ವರ್ಷವೂ ಸಾವಿರವೇ ಅಚ್ಚು ಹಾಕಿಸಿದ್ದು. ಸಾವಿರ ಹಂಚಿದರೆ ಸಭೆಗೆ ಐವತ್ತು ಜನ ಬರುತ್ತಿದ್ದರು, ಅದರಲ್ಲಿ ಹತ್ತು ಜನ ಪೊಲೀಸರು. ಆ ಲೆಕ್ಕದಲ್ಲಿ ಉತ್ತರದ ತೀರಕ್ಕೊಂದು ನಾಲ್ಕು ಸಂಸಾರ, ಗುಡಿಗೆ ನಾಲ್ಕು, ಕೊಳಕ್ಕೆ ನಾಲ್ಕು ಹರಿದು ಹಂಚಿಹೋಗುತ್ತವೆ ಎಂದುಕೊಂಡಿದ್ದ. ಭಾನುವಾರ ಇಡೀ ದಿನ ದೋಣಿಕಟ್ಟೆಯಲ್ಲಿ ನಿಂತು, ಇಳಿದವರ ಕೈಗೆಲ್ಲ ಹಳೆಯ ಚಾಳಿಯಂತೆ ತುರುಕಿದ. ಉಳಿದ ಹಾಳೆಗಳನ್ನು ಮೈದಾ ಅಂಟು ಕಲಸಿ ಗೋಡೆಗೆ, ಕಂಬಕ್ಕೆ, ನಿಂತಿದ್ದ ತಳ್ಳುಗಾಡಿಗೆ ಹಚ್ಚಿದ. ದೀಪಸ್ತಂಭದ ದಾರಿ ತೋರಿಸುವ ಆ ಒಂದೇ ಫಲಕ ಎಂಟು ಹಾಳೆಗಳ ಅಡಿಯಲ್ಲಿ ಸಮಾಧಿಯಾಯಿತು.

ಸೋಮವಾರ ಹತ್ತಕ್ಕೆ ಹತ್ತು ನಿಮಿಷವಿರುವಾಗ ಉತ್ತರದ ತೀರಕ್ಕೆ ಸೈಕಲ್ಲು ತುಳಿದ. ನಾಲ್ಕು ಸಂಸಾರವನ್ನು ಕಣ್ಣಾರೆ ನೋಡಿ ಬರೋಣವೆಂದು. ತಿರುವು ದಾಟಿದವನು ಬ್ರೇಕು ಹಿಡಿಯುವುದನ್ನೇ ಮರೆತು ಮರಳಿನಲ್ಲಿ ಮಗುಚಿಬಿದ್ದ.

ಮರಳು ಕಾಣುತ್ತಿರಲಿಲ್ಲ. ಬರೀ ತಲೆ! ಟೋಪಿ ಹಾಕಿದ ತಲೆ, ಬೋಳು ತಲೆ, ಅಪ್ಪನ ಹೆಗಲ ಮೇಲಿನ ಪುಟ್ಟ ತಲೆ. ನಾಲ್ಕು ನೂರಕ್ಕೆ ಕಮ್ಮಿಯಿಲ್ಲ. ದ್ವೀಪದಲ್ಲಿದ್ದ ಅಷ್ಟೂ ಪ್ರವಾಸಿಗರು ಹತ್ತು ಗಂಟೆಗೆ ಸರಿಯಾಗಿ ಸೇರಿದ್ದರು. ಅವನು ಹೊತ್ತಿಗೊಂದರಂತೆ ಹಂಚಿದ್ದು ಜಾಗಗಳನ್ನು, ಜನರನ್ನಲ್ಲ ಎಂಬುದು ಮರಳಿನಲ್ಲಿ ಅಂಡೂರಿ ಕೂತಾಗ ತಲೆಗೆ ಹೊಳೆಯಿತು. ಅದಕ್ಕಿಂತ ಸೋಜಿಗವೆಂದರೆ ಒಬ್ಬರೂ ನೀರಿಗೆ ಇಳಿದಿರಲಿಲ್ಲ. ಎಲ್ಲರೂ ಒಂದು ದೊಡ್ಡ ಬಂಡೆಯ ಕಡೆ ಮುಖ ಮಾಡಿ ನಿಂತಿದ್ದರು, ಯಾರೋ ಬಂದು ಶುರುಮಾಡುತ್ತಾರೆ ಎನ್ನುವ ಹಾಗೆ.

"ಕಾರ್ಯಕ್ರಮ ಎಷ್ಟೊತ್ತಿಗೆ ಶುರು ಸಾರ್?" ಕೊಡೆ ಹಿಡಿದ ಮೇಷ್ಟ್ರೊಬ್ಬರು ಕೇಳಿದರು. "ಸೇರುವುದು ಅಂತ ಬರೆದಿತ್ತು, ಸೇರಿದೀವಿ. ಮುಂದೆ ಏನ್ಮಾಡ್ಬೇಕು ಅಂತ ಬರೆದಿಲ್ಲವಲ್ಲ?"

ಆ ಹೊತ್ತಿಗೆ ಠಾಣೆಯ ಪೇದೆ ಏದುಸಿರು ಬಿಡುತ್ತ ಓಡಿಬಂದ. ಬಂದರಿನಿಂದ ವರ್ಗವಾಗಿ ಬಂದವನು. ಹಿಂದೆ ಕರಪತ್ರದಣ್ಣನನ್ನು ಹನ್ನೊಂದು ಸಲ ವ್ಯಾನಿಗೆ ಹತ್ತಿಸಿದ್ದ.

"ಅಣ್ಣಾ! ಇಲ್ಲಿಗೂ ಬಂದ್ರಾ ನೀವು? ಮೆರವಣಿಗೆಗೆ ಅಪ್ಪಣೆ ಎಲ್ಲಿ?"

"ಮೆರವಣಿಗೆ ಅಲ್ಲಪ್ಪ, ವಿಹಾರ! ಒಂದು ಐವತ್ತು ಜನ ಬಂದಿರಬೇಕು ಅಷ್ಟೇ..."

"ಐವತ್ತಾ? ಐನೂರು ಇದೆ!" ಪೇದೆ ಪುಸ್ತಕದಲ್ಲಿ ಬರೆದೇಬಿಟ್ಟ.

ಕರಪತ್ರದಣ್ಣ ಬೆಪ್ಪಾದ. ಮೂವತ್ತು ವರ್ಷ ಅವನು ಐನೂರು ಎಂದರೆ ಇದೇ ಪೇದೆ ಐವತ್ತು ಎಂದು ಬರೆದುಕೊಳ್ಳುತ್ತಿದ್ದ. ನಲವತ್ತು ದಿನದ ಮುಷ್ಕರದಲ್ಲಿ ಇಡೀ ಬಂದರು ಬೀದಿಗಿಳಿದಾಗಲೂ 'ಸುಮಾರು ಎಂಬತ್ತು' ಎಂದಿದ್ದ ಈ ಪುಣ್ಯಾತ್ಮ, ಈಗ ಬೇಡದ ಹೊತ್ತಿನಲ್ಲಿ ಕೈಬಿಚ್ಚಿ ಕೊಡುತ್ತಿದ್ದಾನೆ!

"ಕರೆದೋರು ನೀವು, ಜವಾಬ್ದಾರಿ ನಿಮ್ಮದು. ಸಂಜೆವರೆಗೂ ಮುಂದೆ ನಿಂತು ನಡೆಸಿ. ಒಬ್ಬರು ಕಾಣೆಯಾದ್ರೂ ನಿಮ್ಮನ್ನೇ ಒಳಗೆ ಕೂರಿಸ್ತೀನಿ," ಎಂದ ಪೇದೆ.

ಮಂಚದ ಕೆಳಗಿನಿಂದ ಮೆಗಾಫೋನು ತರಿಸಬೇಕಾಯಿತು. ಬಂಡೆ ಹತ್ತಿ ಕರಪತ್ರದಣ್ಣ ಕೂಗಿದ: "ಬಂಧುಗಳೇ! ನೀರಿಗೆ ಇಳಿಯಿರಿ!" ನಾಲ್ಕು ನೂರು ಜನ ಒಟ್ಟಿಗೆ ಇಳಿದರು. ಅಲೆಯೇ ಒಂದು ಹೆಜ್ಜೆ ಹಿಂದೆ ಸರಿದ ಹಾಗಾಯಿತು. ಹನ್ನೆರಡಕ್ಕೆ "ಬಂಧುಗಳೇ! ಗುಡಿಯ ಕಡೆಗೆ!" ಮುನ್ನೂರು ಮೆಟ್ಟಿಲಿನ ಕೆಳಗೆ ಎಂಟು ನೂರು ಚಪ್ಪಲಿ ಬಿದ್ದವು. ಇಳಿದು ಬಂದಾಗ ಮೇಷ್ಟ್ರ ಎಡಗಾಲಿಗೆ ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ, ಬಲಗಾಲಿಗೆ ಯಾರದೋ ಬೂಟು. ಅರ್ಚಕರು ಮೇಲಿನಿಂದಲೇ ಅರಚಿದರು: "ದೇವರಿಗೆ ಉಸಿರಾಡೋಕಾದ್ರೂ ಜಾಗ ಬಿಡ್ರಯ್ಯಾ!"

ನಾಲ್ಕಕ್ಕೆ ಕೊಳ. ತೇಲುವ ಏಳು ದೋಣಿಯ ಮುಂದೆ ಸಾಲು ಕೊಳವನ್ನೇ ಒಂದು ಸುತ್ತು ಹಾಕಿ, ತನ್ನ ಬಾಲವನ್ನು ತಾನೇ ಮುಟ್ಟಿತು. ಮೊದಲು ಯಾರು, ಕೊನೆ ಯಾರು ಎಂದು ಜಗಳ ಶುರುವಾಯಿತು. ದೋಣಿಯವನು ಹುಟ್ಟು ಕೆಳಗಿಟ್ಟು ಕೈಕಟ್ಟಿ ಕೂತ. "ನನ್ನಿಂದ ಆಗಲ್ಲ. ಏಳು ದೋಣಿಗೆ ನಾಲ್ಕು ನೂರು ಜನ ಅಂದ್ರೆ ಮನುಷ್ಯ ಮಾಡೋ ಕೆಲಸವೇನ್ರೀ?"

"ಅಯ್ಯಾ, ಹೀಗೆ ದಿಢೀರ್ ಅಂತ ಕೆಲಸ ನಿಲ್ಲಿಸಿದ್ರೆ ಹೇಗೆ? ಸಾರ್ವಜನಿಕರ ಕಷ್ಟ ಸ್ವಲ್ಪ ನೋಡಬಾರದಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಕರಪತ್ರದಣ್ಣ ಮೆಗಾಫೋನನ್ನು ದೂರ ಹಿಡಿದು ನೋಡಿದ. ಮಾಲೀಕರ ಮಾತು! ಅಕ್ಷರ ಆಚೀಚೆ ಇಲ್ಲದ ಹಾಗೆ ಮಾಲೀಕರ ಮಾತು, ಅವನದೇ ಮೆಗಾಫೋನಿನಲ್ಲಿ!

ಸಂಜೆ ದೋಣಿಕಟ್ಟೆಯಲ್ಲಿ, ಊರಿಗೆ ಮರಳುವವರಲ್ಲಿ ಕಡೆಯ ಸಂಸಾರವನ್ನು ಕಡೆಯ ದೋಣಿಗೆ ಹತ್ತಿಸಿ, ಸೈಕಲ್ಲು ತಳ್ಳಿಕೊಂಡು ಮನೆಗೆ ಹೊರಟ. ಗಂಟಲು ಹೋಗಿತ್ತು. ಮಾನವೂ ಹೋಗಿತ್ತು. ಇನ್ನು ಬೈಗುಳ ತಿಂದು ಏಣಿ ಮುರಿಯುವುದೊಂದೇ ಬಾಕಿ ಎಂದುಕೊಂಡು ಒಳಗೆ ಬಂದವನು, ಹೊಸ್ತಿಲಲ್ಲೇ ನಿಂತ.

ನರ್ಸಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕೂದಲು ಒದ್ದೆ. ಪಾದಕ್ಕೆ ಅಂಟಿದ ಮರಳನ್ನು ತೊಳೆದುಕೊಂಡೂ ಇರಲಿಲ್ಲ. ಮುಖದ ಮೇಲೆ ಅವನು ಈ ಜನ್ಮದಲ್ಲಿ ನೋಡಿರದ ಒಂದು ಸೋಮಾರಿತನ. ಪಕ್ಕದಲ್ಲಿ ನಾದಿನಿ, ಅಂಚೆಯಾಕೆ, ಕ್ಷೌರದಂಗಡಿಯವನು ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲರ ಕೂದಲೂ ಒದ್ದೆ.

"ಏಣಿ ಎಲ್ಲಿದೆ?" ಎಂದ ಪಿಸುದನಿಯಲ್ಲಿ.

"ಏಣಿ ಯಾಕೆ? ಕೂತ್ಕೊಳ್ಳಿ," ಎಂದಳು ಹೆಂಡತಿ. "ಬೆಳಿಗ್ಗೆ ಒಂಬತ್ತೂವರೆಗೆ ಹೋದೆ ಕಣ್ರೀ. ದಂಡೇಲಿ ನಾನು, ಮೂರು ಏಡಿ. ಅಷ್ಟೇ! ಒಂದು ಗಂಟೆ ಅಂತ ಹೋದೋಳು ಐದು ಗಂಟೆ ಕೂತೆ."

"ಬರೀ ಅಕ್ಕಂಗಲ್ಲ ಭಾವ," ನಾದಿನಿ ಬಾಯಿ ಹಾಕಿದಳು. "ಹತ್ತಕ್ಕೆ ಎಲ್ಲರೂ ಉತ್ತರಕ್ಕೆ, ಹನ್ನೆರಡಕ್ಕೆ ಗುಡಿಗೆ, ನಾಲ್ಕಕ್ಕೆ ಕೊಳಕ್ಕೆ. ಅವರು ಯಾವ ಹೊತ್ತಿಗೆ ಎಲ್ಲಿರ್ತಾರೆ ಅಂತ ಗೋಡೆ ಗೋಡೆ ಮೇಲೂ ಬರೆದಿದೆ! ಮಿಕ್ಕ ದ್ವೀಪ ಪೂರ್ತಿ ನಮ್ಮದು. ಆರು ವರ್ಷ ಆದ್ಮೇಲೆ ಈಜಿದೆ ನಾನು."

ಅಂಚೆಯಾಕೆ ಎದ್ದು ನಿಂತು, ಮಡಿಸಿದ ಹಾಳೆಯೊಂದನ್ನು ಅವನ ಕೈಗಿತ್ತಳು. ಮೇಲೆ 'ಬೇಡಿಕೆ ಪಟ್ಟಿ' ಎಂದಿತ್ತು. ಒಂದು, ಪ್ರತಿ ವಾರ ಸೋಮವಾರದಿಂದ ಶನಿವಾರದವರೆಗೆ ಕರಪತ್ರದಣ್ಣ ಮುಂದೆ ನಿಂತು ಪ್ರವಾಸಿಗರನ್ನು ನಡೆಸತಕ್ಕದ್ದು. ಎರಡು, ಮೇಲಿನದೇ ಇನ್ನೊಮ್ಮೆ. ಕೆಳಗೆ ಮೂವತ್ತಾರು ಸಹಿ. ಮೊದಲನೆಯದು ಹೆಂಡತಿಯದು, ಕೊನೆಯದು ಪೇದೆಯದು.

ಜೀವಮಾನವೆಲ್ಲ ಇಂಥ ಹಾಳೆಗಳನ್ನು ಕೊಟ್ಟವನೇ ಹೊರತು ಇಸಿದುಕೊಂಡವನಲ್ಲ. ಇಸಿದುಕೊಂಡವರು ಏನೆನ್ನುತ್ತಿದ್ದರೆಂದು ನೆನಪಿಸಿಕೊಂಡು, ಕನ್ನಡಕ ಸರಿಮಾಡಿ ಹೇಳಿದ: "ಸೂಕ್ತ ಕಾಲದಲ್ಲಿ ಪರಿಶೀಲಿಸಲಾಗುವುದು."

"ಹಾಗಾ? ಸರಿ, ಅಲ್ಲೀವರೆಗೆ ಈ ಮನೇಲಿ ಒಲೆ ಹೊತ್ತಲ್ಲ," ಎಂದಳು ನರ್ಸಕ್ಕ.

ಬಂದರಿನ ಮಾಲೀಕರು ನಲವತ್ತು ದಿನ ತಡೆದುಕೊಂಡಿದ್ದರು. ಕರಪತ್ರದಣ್ಣ ನಾಲ್ಕು ನಿಮಿಷದಲ್ಲಿ ಸಹಿ ಹಾಕಿದ.

ಎಲ್ಲರೂ ಹೋದ ಮೇಲೆ ಬಿಸಿ ಚಹಾ ಬಂತು. ಹೆಂಡತಿ ಲೋಟವನ್ನು ಅವನ ಕೈಗಿಟ್ಟು, "ಮೂವತ್ತು ವರ್ಷದಲ್ಲಿ ಪೂರ್ತಿ ಗೆದ್ದ ಹೋರಾಟ ಇದೊಂದೇ ನೋಡಿ. ಅದೂ ನೀವು ಹೂಡದೇ ಇದ್ದದ್ದು!" ಎಂದಳು. ನಗುತ್ತಲೇ ಹೇಳಿದಳು. ಅವನಿಗೂ ನಗು ಬಂತು, ಗಂಟಲಿಲ್ಲದ್ದರಿಂದ ಸದ್ದು ಬರಲಿಲ್ಲ.

"ಭಾನುವಾರ ನನಗೆ ರಜೆ," ಎಂದ ಮೆಲ್ಲಗೆ. "ಆವತ್ತು ನಿನ್ನ ದಂಡೆಗೆ ನಾನೂ ಬರ್ಲಾ?"

ನರ್ಸಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಸ್ಪತ್ರೆಯಲ್ಲಿ ಹೊಸ ರೋಗಿಯನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ನೋಡುವ ಹಾಗೆ. "ಖಾಲಿ ದಂಡೆ ಬೇಕು ಅಂದೋಳು ನಾನು. ನೀವು ಬಂದ್ರೆ ಅದು ಸಭೆ ಆಗುತ್ತೆ."

ಆದರೂ ಕೈಪಿಡಿಯ ಒಂದು ಪ್ರತಿ ಎಳೆದುಕೊಂಡು, ಭಾನುವಾರದ ಮುಂದಿನ ಖಾಲಿ ಜಾಗದಲ್ಲಿ ದುಂಡಗೆ ಬರೆದಳು: 'ಬೆಳಿಗ್ಗೆ ಹತ್ತು. ದೀಪಸ್ತಂಭದ ದಂಡೆ. ಸಂಖ್ಯೆ ಇಬ್ಬರು. ಭಾಷಣ ಇಲ್ಲ.'

ಕರಪತ್ರದಣ್ಣ ಎರಡು ಸಲ ಓದಿದ. "ಭಾಷಣ ಬೇಡ, ಸರಿ. ಒಂದೆರಡು ಮಾತಾದ್ರೂ..."

ಹೆಂಡತಿ ಪೆನ್ನಿನ ಮುಚ್ಚಳ ಮತ್ತೆ ತೆಗೆದಳು. "ಸಂಖ್ಯೆ ತಿದ್ದಲಾ?"