ತಾನೇ ನಿಲ್ಲುವ ಕಾರೂ ನಮ್ಮ ಚಿಕ್ಕಮಾವನೂ

ನಮ್ಮ ಚಿಕ್ಕಮಾವ, ಅಂದರೆ ನನ್ನ ಮಾವನವರ ತಮ್ಮ, ತಾಳಿ ಕಟ್ಟಿದ್ದೂ ಎಂಜಿನ್ ಆಫ್ ಮಾಡದೆಯೇ! ನಂಬುವುದು ಕಷ್ಟ, ನನಗೂ ಗೊತ್ತು. ಮದುಮಗ ತಾನೇ ಲಾರಿ ಓಡಿಸಿಕೊಂಡು, ಹಿಂದೆ ದಿಬ್ಬಣವನ್ನು ಕೂರಿಸಿಕೊಂಡು ಬಂದು, ಎಂಜಿನ್ ಗುಡುಗುಡು ಅನ್ನುತ್ತಿರುವಂತೆಯೇ ಇಳಿದು ಹಸೆಮಣೆ ಏರಿದರಂತೆ. ಪುರೋಹಿತರು ಮಂತ್ರವನ್ನು ಅರಚಿ ಹೇಳಬೇಕಾಯಿತಂತೆ. ಇದನ್ನು ಚಿಕ್ಕತ್ತೆಯೇ ನನಗೆ ಹೇಳಿದ್ದು. ಅವರು ಸುಳ್ಳು ಹೇಳುವವರಲ್ಲ. ಅದರಲ್ಲೂ ಅವತ್ತು ಶನಿವಾರ.

ಕಾರಣ ಇಷ್ಟೇ. ಮನೆತನದವರೆಲ್ಲ ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದರೆ, ಇವರೊಬ್ಬರು ಮಾತ್ರ ಲಾರಿ ಹತ್ತಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಸಾಗಿಸಿದರು. ಆ ಲಾರಿಗೆ ಸೆಲ್ಫ್ ಇರಲಿಲ್ಲ. ಇತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಒಮ್ಮೆ ನಿಂತರೆ ನಾಲ್ಕು ಜನ ತಳ್ಳಬೇಕು, ಇಲ್ಲವೇ ಇಳಿಜಾರು ಬೇಕು. ಹೀಗಾಗಿ ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗಿನ ಇಳಿಜಾರುಗಳೆಲ್ಲ ಅವರಿಗೆ ಬಾಯಿಪಾಠ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಈ ಚಿಕ್ಕಮಾವ ಹುಡುಗಿಯನ್ನು ನೋಡುವ ಮೊದಲು ರಸ್ತೆಯನ್ನು ನೋಡಿದರು. ನಮ್ಮ ತವರಿನ ಮುಂದೆ ಒಳ್ಳೆಯ ಇಳಿಜಾರಿತ್ತು. ನಾನು ಒಪ್ಪಿಗೆಯಾದೆ! ಯಾವ ರೂಪದಲ್ಲಾದರೂ ಬರಲಿ, ದೇವರ ದಯೆ ದೇವರ ದಯೆಯೇ.

ಲಾರಿ ಮಾರಿ ಎಷ್ಟೋ ಕಾಲವಾಯಿತು. ಆದರೆ ಎಂಜಿನ್ ನಿಂತರೆ ಬದುಕೇ ನಿಂತಿತು ಅನ್ನುವ ನಂಬಿಕೆ ಮಾತ್ರ ಹಾಗೇ ಉಳಿಯಿತು. ಇಂಥವರ ಮನೆತನಕ್ಕೆ ನಮ್ಮ ಯಜಮಾನರು ಎಂಥ ಕಾರು ತಂದರು ಅನ್ನುತ್ತೀರಿ? ತಾನಾಗಿಯೇ ನಿಲ್ಲುವ ಕಾರು!

ನನಗೇ ಮೊದಲ ದಿನ ಎದೆ ಧಸಕ್ಕೆಂದಿತ್ತು. ಚಳ್ಳಕೆರೆ ಸರ್ಕಲ್ಲಿನಲ್ಲಿ ಮುಂದಿನ ಬಸ್ಸು ನಿಂತಿತು, ನಮ್ಮವರು ಗೇರ್ ತೆಗೆದು ಕ್ಲಚ್ ಬಿಟ್ಟರು. ಅಷ್ಟೇ, ಎಂಜಿನ್ ಉಸಿರು ಬಿಟ್ಟುಬಿಟ್ಟಿತು. ಹೊಸ ಕಾರು, ನಿಂಬೆಹಣ್ಣು ಇಟ್ಟದ್ದು ಬಾಡಿರಲಿಲ್ಲ, ಆಗಲೇ ಹೀಗಾ? ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಹೇಳಿಕೊಂಡೆ. ಕ್ಲಚ್ ಒತ್ತಿದ ಕೂಡಲೇ ಅದು ಏನೂ ಆಗದವರ ಹಾಗೆ ಮತ್ತೆ ಶುರುವಾಯಿತು. ನಮ್ಮವರು ನಕ್ಕರು. ನಿಂತಲ್ಲಿ ಸುಮ್ಮನೆ ಪೆಟ್ರೋಲ್ ಸುಡಬಾರದೆಂದು ಹೀಗೆ ಮಾಡಿದ್ದಾರೆ, ಹೊಗೆಯೂ ಕಡಿಮೆ ಅಂದರು. ಹೇಳಿಕೊಂಡ ಕಾಯಿಯನ್ನು ಹಿಂದಕ್ಕೆ ಪಡೆಯಲಾದೀತೇ? ಮುಂದಿನ ವಾರ ಒಡೆಸಿ ಬಂದೆ.

ಒಳ್ಳೆಯದು ಒಳ್ಳೆಯದೇ. ಗಾಡಿ ನಿಂತಾಗ ಸದ್ದಿಲ್ಲ, ನಾಲ್ಕು ನಾಮ ಜಪಿಸಬಹುದು. ಹಾಲು ಉಕ್ಕುವಾಗ ಒಲೆ ಸಣ್ಣ ಮಾಡುವ ಹಾಗೆ ಇದೂ ಒಂದು ಉಳಿತಾಯ. ಕೆಟ್ಟದ್ದೂ ಇದೆ. ನಮ್ಮ ಚಳ್ಳಕೆರೆ ಬಿಸಿಲಿನಲ್ಲಿ ಎಂಜಿನ್ ನಿಂತರೆ ಏಸಿಯ ತಂಪೂ ನಿಲ್ಲುತ್ತದೆ, ಬರೀ ಗಾಳಿ ಬರುತ್ತದೆ. ಸಂತೆಯ ದಿನ ಹತ್ತು ಹೆಜ್ಜೆಗೊಮ್ಮೆ ನಿಂತು ಹೊರಟು, ನಿಂತು ಹೊರಟು, ಬಿಕ್ಕಳಿಕೆ ಬಂದವರ ಪಕ್ಕ ಕೂತ ಹಾಗಾಗುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ತೊಂದರೆ ಯಾವುದೆಂದು ಕಾರು ಮಾಡಿದವರಿಗೆ ಗೊತ್ತಿಲ್ಲ. ಅವರು ನಮ್ಮ ಚಿಕ್ಕಮಾವನನ್ನು ನೋಡಿಲ್ಲ!

ಚಿಕ್ಕಮಾವನ ಎಡಗಣ್ಣು ಸಕ್ಕರೆ ಕಾಯಿಲೆಯಲ್ಲಿ ಹಿಂದೆಯೇ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂದು, ಚಿಕ್ಕತ್ತೆಯ ಮುಖವೂ ಮಬ್ಬಾಯಿತು. ಚಳ್ಳಕೆರೆಗೆ ಕರೆತಂದು ತೋರಿಸೋಣವೆಂದು ನಾವಿಬ್ಬರೂ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೋದೆವು. ಅವರನ್ನು ಮುಂದೆ ಕೂರಿಸಿಕೊಂಡು ಬರುವಾಗ ಬಿ.ಜಿ. ಕೆರೆಯ ಹತ್ತಿರ ಕುರಿಮಂದೆ ಅಡ್ಡ ಬಂತು. ಕಾರು ನಿಂತಿತು. ಎಂಜಿನ್ನೂ ನಿಂತಿತು. ನಾವು ಬಾಯಿ ತೆರೆಯುವುದರೊಳಗೆ ಚಿಕ್ಕಮಾವ ಬಾಗಿಲು ತೆಗೆದು ಇಳಿದಾಗಿತ್ತು. ಪಂಚೆ ಮೇಲೆ ಕಟ್ಟಿ, ಹಿಂದಕ್ಕೆ ಹೋಗಿ, ಕಾರಿಗೆ ಎದೆ ಕೊಟ್ಟರು. ಕುರಿ ಕಾಯುವ ಇಬ್ಬರನ್ನೂ ಕರೆದರು. ಪಾಪ, ಅವರೂ ಕೋಲು ಕೆಳಗಿಟ್ಟು ಬಂದರು.

"ಲೇ, ಬ್ರೇಕ್ ಬಿಡಲೇ" ಎಂದು ಹಿಂದಿನಿಂದ ದನಿ ಬಂತು.

ಮುಂದೆ ಕುರಿಗಳು, ಹಿಂದೆ ಚಿಕ್ಕಪ್ಪ! ನಮ್ಮವರು ಯಾರ ಮಾತು ಕೇಳಬೇಕು? ಕುರಿ ಸರಿದ ಮೇಲೆ ಗಾಬರಿಯಲ್ಲಿ ಕ್ಲಚ್ ಒತ್ತಿದರು. ಎಂಜಿನ್ ಶುರುವಾಯಿತು. ಹಿಂದೆ ಮೂವರೂ ಗೆದ್ದವರ ಹಾಗೆ ಕೈ ಕೊಡವಿಕೊಂಡರು. ಚಿಕ್ಕಮಾವ ಬೆವರೊರೆಸುತ್ತಾ ಬಂದು ಕೂತು ಹೇಳಿದ್ದು ಒಂದೇ ಮಾತು: "ಹೊಸಾ ಗಾಡಿ ಅಂತ ತಲೆಗೆ ಕಟ್ಟವ್ರೆ ಕಣಲೇ ನಿಂಗೆ."

ಅದು ತಾನೇ ನಿಂತಿದ್ದು, ತಾನೇ ಶುರುವಾಗಿದ್ದು ಎಂದು ನಮ್ಮವರು ದಾರಿಯುದ್ದಕ್ಕೂ ತಿಳಿಸಿ ಹೇಳಿದರು. ಚಿಕ್ಕಮಾವ ಕರುಣೆಯಿಂದ ಕೇಳಿಸಿಕೊಂಡರು. ಮೋಸಹೋದವರನ್ನು ಹೆಚ್ಚು ನೋಯಿಸಬಾರದು ಎನ್ನುವ ಕರುಣೆ ಅದು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಪೊರೆ ಬಲಿತಿದೆ, ಇನ್ನು ತಡ ಮಾಡಿದರೆ ಈ ಕಣ್ಣೂ ಕೈಬಿಡುತ್ತದೆ ಎಂದು ದಿನ ಗೊತ್ತುಮಾಡಿದರು. ಆಪರೇಷನ್ ಆದ ಮೇಲೆ ಬಗ್ಗಬಾರದು, ಭಾರ ಎತ್ತಬಾರದು, ಧೂಳಿನಲ್ಲಿ ಬಸ್ಸು ಹತ್ತಬಾರದು ಎಂದೂ ಹೇಳಿದರು. ಅದನ್ನೆಲ್ಲ ಚಿಕ್ಕಮಾವ ಗಂಭೀರವಾಗಿ ಕೇಳಿಸಿಕೊಂಡದ್ದೇ ತಪ್ಪಾಯಿತು. ಊರಿಗೆ ಹೋದವರೇ ಆಪರೇಷನ್ ಬೇಡವೆಂದು ಕೂತರು! ನಾನು ದಿಗಿಲುಬಿದ್ದು ಫೋನು ಮಾಡಿದೆ. ಇರುವುದೊಂದೇ ಕಣ್ಣು, ಹೀಗೆ ಹಟ ಮಾಡಿದರೆ ಹೇಗೆ ಮಾವ ಅಂದೆ.

"ಬಗ್ಗಂಗಿಲ್ಲ ಅಂದವ್ರೆ ಡಾಕ್ಟ್ರು. ಕಣ್ಣಿಗೆ ಪಟ್ಟಿ ಬೇರೆ" ಅಂದರು. "ಬರೋವಾಗ ನಿಮ್ಮ ಗಾಡಿ ನಿಂತ್ರೆ ತಳ್ಳೋರ್ಯಾರವ್ವ?"

ಬೇರೆಯವರು ಆಪರೇಷನ್ನಿಗೆ ಹೆದರುತ್ತಾರೆ, ಇವರು ವಾಪಸು ಬರುವುದಕ್ಕೆ ಹೆದರುತ್ತಿದ್ದಾರೆ! ಬಾಡಿಗೆ ಕಾರು ಮಾಡೋಣವೆಂದರೆ, ಅದೂ ನಿಲ್ಲುವ ಜಾತಿಯದೇ ಆಗಿದ್ದರೆ ಅನ್ನುತ್ತಾರೆ. ಲಾರಿಯಲ್ಲಿ ಹೋಗುತ್ತೇನೆ ಅನ್ನುತ್ತಾರೆ. ಗೊತ್ತುಮಾಡಿದ ದಿನ ದಾಟಿಯೇ ಹೋಯಿತು. ಫೋನಿನಲ್ಲಿ ಚಿಕ್ಕತ್ತೆ ಮೂಗು ಏರಿಸಿದ ಸದ್ದು ಕೇಳಿಸಿತು. ಚಿಕ್ಕಮಾವ ಆ ವಾರ ಎರಡು ಸಲ ಹೊಸ್ತಿಲು ಎಡವಿದರಂತೆ.

ಕೊನೆಗೆ ಕಾರಿನ ಷೋರೂಮಿನವರು ದಾರಿ ತೋರಿಸಿದರು. ಸ್ಟಿಯರಿಂಗಿನ ಪಕ್ಕದಲ್ಲೇ ಒಂದು ಸಣ್ಣ ಗುಂಡಿ ಇದೆ. ಅದನ್ನು ಒತ್ತಿದರೆ ಎಂಜಿನ್ ತಾನಾಗಿ ನಿಲ್ಲುವುದಿಲ್ಲ. ಎಷ್ಟು ತಿಂಗಳಿಂದ ಕಣ್ಣೆದುರೇ ಇತ್ತು! ಆದರೆ ಪ್ರತಿ ಸಲ ಗಾಡಿ ಶುರುಮಾಡಿದಾಗಲೂ ಹೊಸದಾಗಿ ಒತ್ತಬೇಕು. ನಮ್ಮವರು ಮೊಳಕಾಲ್ಮೂರಿಗೆ ಹೋಗಿ, ಚಿಕ್ಕಮಾವನ ಬೆರಳನ್ನೇ ಹಿಡಿದು ಆ ಗುಂಡಿಯನ್ನು ಒತ್ತಿಸಿ, ಊರೆಲ್ಲ ಸುತ್ತಿಸಿದರು. ಎಂಜಿನ್ ಎಲ್ಲೂ ನಿಲ್ಲಲಿಲ್ಲ. ನಿಲ್ಲಿಸುವುದಕ್ಕೊಂದು ಯಂತ್ರ, ಅದನ್ನು ತಡೆಯುವುದಕ್ಕೆ ಇನ್ನೊಂದು ಗುಂಡಿ, ಇದೆಂಥಾ ಬುದ್ಧಿ ಎಂದು ಗೊಣಗಿದರೂ ಚಿಕ್ಕಮಾವ ಒಪ್ಪಿದರು. ಅದೇ ಹೊತ್ತಿನಲ್ಲಿ ಚಿಕ್ಕತ್ತೆಯೂ ನಮ್ಮವರ ಹತ್ತಿರ, ನಿಂತದ್ದು ಮತ್ತೆ ಹೇಗೆ ಶುರುವಾಗುತ್ತದೆ ಎಂದು ಕೇಳಿ ತಿಳಿದುಕೊಂಡರು.

ಆಪರೇಷನ್ ಚೆನ್ನಾಗಿ ಆಯಿತು. ತಿಪ್ಪೇಸ್ವಾಮಿ ದೊಡ್ಡವನು. ಕಣ್ಣಿಗೆ ಪಟ್ಟಿ ಕಟ್ಟಿದ ಚಿಕ್ಕಮಾವನನ್ನು ಹಿಂದಿನ ಸೀಟಿನಲ್ಲಿ ಚಿಕ್ಕತ್ತೆಯ ಪಕ್ಕ ಕೂರಿಸಿ ಹೊರಟೆವು. ಚಳ್ಳಕೆರೆಯ ರೈಲ್ವೆ ಗೇಟು ಹಾಕಿತ್ತು. ನಮ್ಮವರು ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಬಿಟ್ಟರು.

ಎಂಜಿನ್ ನಿಂತುಬಿಟ್ಟಿತು.

ಔಷಧಿಯ ಚೀಟಿ, ಕಪ್ಪು ಕನ್ನಡಕ ಎಂಬ ಗಡಿಬಿಡಿಯಲ್ಲಿ ಗುಂಡಿ ಒತ್ತುವುದನ್ನೇ ಮರೆತಿದ್ದರು! ಈಗ ಬೈಗುಳದ ಮಳೆ ಅಂದುಕೊಂಡೆ. ಬೈಗುಳ ಬರಲಿಲ್ಲ. ಎರಡು ಕಣ್ಣೂ ಇಲ್ಲದ ಆ ಮನುಷ್ಯ ಬಾಗಿಲಿನ ಹಿಡಿಯನ್ನು ತಡಕಾಡುತ್ತಾ, "ನಿಂತೋಯ್ತು" ಅಂದರು. ಲಾರಿಯನ್ನು ಮೀರಿಸಿ ಕೂಗುತ್ತಿದ್ದ ಗಂಟಲು, ದಾರಿ ತಪ್ಪಿದ ಮಗುವಿನದಾಗಿತ್ತು. ಎಲ್ಲಕ್ಕಿಂತ ಹೆಚ್ಚಿನ ಆಘಾತ ನನಗಾದದ್ದು ಆಗಲೇ.

ನಮ್ಮವರು ಕ್ಲಚ್ಚಿಗೆ ಕಾಲು ಹಾಕುವಷ್ಟರಲ್ಲಿ ಚಿಕ್ಕತ್ತೆ ಮುಂದಕ್ಕೆ ಬಾಗಿ ಅವರ ಭುಜ ಒತ್ತಿ ತಡೆದರು. ಆಮೇಲೆ ಗಂಡನ ಕೈಯನ್ನು ಹಿಡಿಯಿಂದ ಬಿಡಿಸಿ ಅವರ ತೊಡೆಯ ಮೇಲಿಟ್ಟರು.

"ನೀವು ಕುತ್ಕಳ್ರಿ. ನಾನು ತಳ್ತೀನಿ."

ಹೇಳಿದವರೇ ಇಳಿದರು. ನಾನೂ ಇಳಿದೆ. ರೈಲು ಹೋಯಿತು, ಗೇಟು ಎದ್ದಿತು, ಹಿಂದಿನ ಲಾರಿ ಹಾರನ್ ಹೊಡೆಯತೊಡಗಿತು. ಚಿಕ್ಕತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಷ್ಟೋ ವರ್ಷ ಮಗ್ಗದ ಕೆಲಸ ಮಾಡಿದ ಕೈಗಳನ್ನು ಡಿಕ್ಕಿಯ ಮೇಲೆ ಊರಿದರು. ಸುಮ್ಮನೆ ಕೈ ಇಟ್ಟರೂ ಸಾಕು, ಅದು ತಾನೇ ಶುರುವಾಗುತ್ತದೆ ಎಂದು ನಾನು ಮೆಲ್ಲಗೆ ನೆನಪಿಸಿದೆ.

"ನಂಗೊತ್ತಿಲ್ವೇನವ್ವ" ಅಂದರು. "ಸುಮ್ನೆ ಕೈ ಇಟ್ರೆ ಅವ್ರಿಗೆ ಗೊತ್ತಾಗ್ತೈತೆ."

ಕಾಲು ಊರಿ ನಿಜವಾಗಿಯೇ ತಳ್ಳಿದರು. ನಾನೂ ಪಕ್ಕದಲ್ಲಿ ಭುಜ ಕೊಟ್ಟೆ. ನಮ್ಮವರಿಗೆ ಅರ್ಥವಾಯಿತು, ಹ್ಯಾಂಡ್‌ಬ್ರೇಕ್ ಬಿಟ್ಟರು. ಕಾರು ಒಂದು ಮಾರು ಉರುಳಿದ ಮೇಲಷ್ಟೇ ಎಂಜಿನ್ ಶುರುವಾಯಿತು. ಹಿಂದಿನ ಗಾಜಿನೊಳಗೆ, ಅಷ್ಟು ಹೊತ್ತೂ ನೆಟ್ಟಗೆ ನಿಂತಿದ್ದ ಆ ನರೆತ ತಲೆ ನಿಧಾನಕ್ಕೆ ಸೀಟಿಗೆ ಒರಗಿತು.